ಗಾಜಿನೊಳಗಿನ ಜಿನ್ನು ಕಾಕಾ

ಮೂಡಲಗಿಯ ನಮ್ಮ ಮನೆಯಲ್ಲಿ ಏನಕ್ಕೆ ಕೊರತೆಯಿದ್ದರೂ ಕತ್ತಲೆಗೆ ಕೊರತೆಯಿರಲಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ, ಕಿಟಕಿ ಎಂದು ಹೆಸರಿಗೆ ಬೀದಿಯ ಕಡೆಗೊಂದು. ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಗಳಿಂದ. ನಡುಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲಕೋಲು ಬೆಲ್ಲದ ಪೆಂಟೆಗಳ ಮೇಲಿದ್ದರೆ ಸಾಲೆಗೆ ಹೋಗುವ ಹೊತ್ತು, ಬೀಸುಕಲ್ಲಿನ ಹತ್ತಿರ ಬಂದರೆ ಊಟದ ಹೊತ್ತು, ಎದುರು ಗೋಡೆ ಹತ್ತಿದರೆ ಸಂಜೆಯ ಊಟಕ್ಕೆ ತಟ್ಟೆ ಹಾಕುವ ಹೊತ್ತು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ತುತ್ತು ಮುಟ್ಟುತ್ತಿರಲಿಲ್ಲ. ದೀಪಕ್ಕೆ ಬಂದು ಹುಳಹುಪ್ಪಡಿ ಸಾಯುತ್ತವೆಂದು ಅಡುಗೆಮನೆಯಲ್ಲಿ ದೀಪವನ್ನೂ ಹಚ್ಚುತ್ತಿರಲಿಲ್ಲ. ಪಕ್ಕದ ಮನೆಗಳಲ್ಲಿ ಒಗ್ಗರಣೆಯ ವಾಸನೆ ಏಳುವಾಗ ನಮ್ಮ ಮನೆ ಆಗಲೇ ಕೈತೊಳೆದುಕೊಂಡು, ಕತ್ತಲೆಯಲ್ಲಿ ಮಾತಾಡುತ್ತ ಕೂತಿರುತ್ತಿತ್ತು. ಅಪ್ಪ ಬೆಲ್ಲದ ವ್ಯಾಪಾರಿ. ಹೀಗಾಗಿ ಆ ಕತ್ತಲೆಗೆ ಯಾವಾಗಲೂ ಬೆಲ್ಲದ ವಾಸನೆಯಿತ್ತು.

ಮನೆಯ ಯಜಮಾನಿಕೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳ ಹತ್ತಿರ ಎರಡು ಸೀರೆ, ಒಂದು ತಟ್ಟೆ, ಒಂದು ಚಂಬು, ಒಂದು ಚಾಪೆ ಬಿಟ್ಟರೆ ಸ್ವಂತದ್ದೆಂಬುದು ಏನೂ ಇರಲಿಲ್ಲ. ವರ್ಷಕ್ಕೊಂದರಂತೆ ಏನಾದರೂ ಬಿಡುತ್ತ ಬಂದಿದ್ದಳು. ಒಂದು ವರ್ಷ ಮೊಸರು, ಒಂದು ವರ್ಷ ಹಸಿ ಕಾಯಿಪಲ್ಲೆ, ಒಂದು ವರ್ಷ ಹಾಸಿಗೆಯ ಮೇಲೆ ಮಲಗುವುದು. ಮಕ್ಕಳಾದ ನಾವು ಈ ಸಲ ಆಯಿ ಏನು ಬಿಡುತ್ತಾಳೆ ಎಂದು ಪಂಥ ಕಟ್ಟುತ್ತಿದ್ದೆವು. ಅವಳು ಬಿಡದೆ ಹಿಡಿದದ್ದು ಒಂದೇ, ಹಿತ್ತಿಲ ಬಾವಿಯ ನೀರು ಸೋಸುವ ಕೆಲಸ. ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಿಡಿದು ನೀರು ಸೋಸುವಳು. ಆಮೇಲೆ ಆ ಬಟ್ಟೆಯನ್ನು ಮಗುಚಿ ಒಂದು ಸಣ್ಣ ಗಡಿಗೆಯಲ್ಲಿ ಜಾಲಿಸಿ, ಆ ನೀರನ್ನು ಹಗ್ಗ ಕಟ್ಟಿ ನಿಧಾನವಾಗಿ ಬಾವಿಗೆ ಇಳಿಸುವಳು. ಮೇಲಿನಿಂದ ಸುರಿಯುವಂತಿಲ್ಲ. ಬಟ್ಟೆಯಲ್ಲಿ ಸಿಕ್ಕ ಜೀವಗಳಿಗೆ ಪೆಟ್ಟಾಗುತ್ತದೆ, ಅವು ತಮ್ಮ ಮನೆಗೆ ತಾವು ಸುಖವಾಗಿ ಮುಟ್ಟಬೇಕು. ನಾನು ಬಾವಿಕಟ್ಟೆಯ ಮೇಲೆ ಹೊಟ್ಟೆ ಊರಿ ಮಲಗಿ ಆ ಗಡಿಗೆಯೊಳಗೆ ಇಣುಕುತ್ತಿದ್ದೆ.

"ಏನೂ ಕಾಣಂಗಿಲ್ಲಲ್ಲ ಆಯಿ?"

"ನಿನಗ ಕಾಣಲಿ ಅಂತ ಅವು ಹುಟ್ಟ್ಯಾವೇನು?" ಎನ್ನುವಳು ಆಯಿ, ಹಗ್ಗ ಬಿಡುತ್ತ.

ಕಣ್ಣಿಗೆ ಕಾಣದ್ದೂ ಇರುತ್ತದೆ ಎಂಬುದನ್ನು ನಾನು ಸಾಲೆಯಲ್ಲಿ ಕಲಿಯಲಿಲ್ಲ, ಆ ಬಾವಿಕಟ್ಟೆಯ ಮೇಲೆ ಕಲಿತೆ. ಎರಡನೆಯ ಸಲ ಕಲಿಸಿದವನು ಜಿನ್ನು ಕಾಕಾ.

ಜಿನ್ನು ಕಾಕಾ ಎಂದರೆ ಅಪ್ಪನ ಒಬ್ಬನೇ ತಮ್ಮ ಜಿನ್ನಪ್ಪ. ಬೆಲ್ಲದ ವ್ಯಾಪಾರ ಒಲ್ಲೆನೆಂದು ಗೋಕಾಕದ ಬಜಾರದಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಫೋಟೋ ತೆಗೆಯುತ್ತಿದ್ದ. ಎಂಟು ದಿನಕ್ಕೊಮ್ಮೆ ಬಸ್ಸಿನಲ್ಲಿ ಮನೆಗೆ ಬರುವನು. ಅವನ ಕ್ಯಾಮರಾ ವಯಸ್ಸಿನಲ್ಲಿ ಅವನಿಗಿಂತ ಎಷ್ಟೋ ಹಿರಿದು. ಕೊಲ್ಹಾಪುರದ ಒಬ್ಬ ಮುದುಕ ಫೋಟೋಗ್ರಾಫರ್ ಕಣ್ಣು ಮಂಜಾಗಿ ಅಂಗಡಿ ಮುಚ್ಚುವಾಗ ಇವನಿಗೆ ಕೊಟ್ಟಿದ್ದ. ಆ ಮುದುಕನಿಗೂ ಅದು ಅವನ ಗುರುವಿನಿಂದ ಬಂದದ್ದಂತೆ. ಸಾಗವಾನಿ ಕಟ್ಟಿಗೆಯ ಪೆಟ್ಟಿಗೆ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಮುಂದೆ ಹಿತ್ತಾಳೆಯ ಕೊಳವೆಯಲ್ಲಿ ಕೂಡಿಸಿದ ಮಸೂರ, ನಡುವೆ ಹಿಗ್ಗಿ ಕುಗ್ಗುವ ಮಡಿಕೆ, ಕೆಳಗೆ ಮೂರು ಕಾಲು. ಮಡಿಕೆ ಮೊದಲು ತೊಗಲಿನದಿತ್ತು. ಅದು ಇರುವ ತನಕ ಕ್ಯಾಮರಾ ಹೊಸ್ತಿಲು ದಾಟಬಾರದೆಂದು ಆಯಿ ಹೇಳಿದಳು. ಕಾಕಾ ಅದನ್ನು ಕಿತ್ತು ಕರಿ ಬಟ್ಟೆಯ ಮಡಿಕೆ ಹೊಲಿಸಿ ಹಾಕಿಸಿದ. ಅಂದಿನಿಂದ ಆಯಿಯ ಲೆಕ್ಕದಲ್ಲಿ ಕ್ಯಾಮರಾ ಶುದ್ಧವಾಯಿತು.

ಅದಕ್ಕೆ ಗುಂಡಿ ಒತ್ತುವ ವ್ಯವಸ್ಥೆಯೇ ಇರಲಿಲ್ಲ. ಮಸೂರಕ್ಕೊಂದು ಹಿತ್ತಾಳೆಯ ಮುಚ್ಚಳ. ಮುಚ್ಚಳ ತೆಗೆದು ಎಣಿಸಿ ತಿರುಗಿ ಮುಚ್ಚಬೇಕು, ಅಷ್ಟರಲ್ಲಿ ಹಿಂದಿನ ಗಾಜಿನ ಮೇಲೆ ಫೋಟೋ ಇಳಿದಿರುತ್ತದೆ. ಕಾಕಾ ಅಂಕಿ ಎಣಿಸುತ್ತಿರಲಿಲ್ಲ, ಬಾಯಲ್ಲಿ ನಮ್ಮ ಐದು ಸಾಲಿನ ಣಮೋಕಾರ ಮಂತ್ರ ಹೇಳುತ್ತಿದ್ದ. ಬಿಸಿಲಿದ್ದರೆ ಒಂದು ಸಾಲು, ನೆರಳಿದ್ದರೆ ಎರಡು, ಮಹಡಿಯ ಕೋಣೆಯೊಳಗಾದರೆ ಮೂರು. ಗಿರಣಿಯ ಕೆಲಸಗಾರರು, ಮೀಸೆ ತಿರುವಿದ ಗೌಡರು, ಹೊಸ ಟೊಪ್ಪಿಗೆಯ ಸಾಬರು, ಎಲ್ಲರೂ ನಮ್ಮ ಮಂತ್ರದ ಅಳತೆಗೆ ಉಸಿರು ಹಿಡಿದು ಕೂತವರೇ. ಇದನ್ನು ಹೇಳಿ ಹೇಳಿ ಕಾಕಾ ನಗುತ್ತಿದ್ದ.

ಮೊದಲ ಸಲ ಅವನು ನನ್ನನ್ನು ಕ್ಯಾಮರಾದ ಹಿಂದಿನ ಕರಿ ಬಟ್ಟೆಯೊಳಗೆ ತೂರಿಸಿದ್ದು ನಮ್ಮ ಹಿತ್ತಲಲ್ಲೇ. ನನಗೆ ಒಂಬತ್ತೋ ಹತ್ತೋ ವಯಸ್ಸು. ಒಳಗೆ ಕಪ್ಪು, ಕಾಕಾನ ಬೆವರಿನ ವಾಸನೆ, ಎದುರಿಗೆ ಒಂದು ಮಸುಕು ಗಾಜು. ಕಾಕಾ ಮುಂದೆ ಏನೋ ತಿರುಗಿಸಿದ. ಗಾಜಿನ ಮೇಲೆ ನಮ್ಮ ಬಾವಿ ಮೂಡಿತು, ತಲೆಕೆಳಗಾಗಿ. ನುಗ್ಗೆಯ ಗಿಡ ಮೇಲಿನಿಂದ ಕೆಳಕ್ಕೆ ಇಳಿಬಿದ್ದಿತ್ತು, ಒಂದೊಂದು ಎಲೆಯೂ ಅಲುಗುತ್ತಿತ್ತು. ಅಷ್ಟರಲ್ಲಿ ಆಯಿ ಕೊಡ ಹಿಡಿದು ಬಂದಳು. ಕಾಲು ಮೇಲೆ, ತಲೆ ಕೆಳಗೆ ಮಾಡಿ ಆಕಾಶದ ಮೇಲೆ ನಡೆದು ಬಂದು, ಮೇಲಕ್ಕೆ ನೀರು ಸುರಿದು ಸೋಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಹೊರಗೆ ತಲೆ ಹಾಕಿ ನೋಡಿದೆ, ಆಯಿ ನೆಟ್ಟಗೇ ಇದ್ದಳು. ಒಳಗೆ ಹೋದೆ, ಮತ್ತೆ ಆಕಾಶದಲ್ಲಿ. ನನ್ನ ಮೈಮೇಲೆ ಮುಳ್ಳೆದ್ದವು. ಇವತ್ತಿಗೂ, ಎಷ್ಟು ಸಾವಿರ ಸಲ ಆ ಬಟ್ಟೆ ಹೊದ್ದುಕೊಂಡೆನೋ, ಗಾಜಿನ ಮೇಲೆ ಜಗತ್ತು ಮೂಡುವಾಗ ಒಂದು ಸಲ ನನ್ನ ಉಸಿರು ನಿಲ್ಲುತ್ತದೆ.

ಕಾಕಾನಲ್ಲಿ ಒಂದು ಶಿಸ್ತಿತ್ತು. ಗೋಕಾಕದಿಂದ ಬಂದವನು ಹಿತ್ತಿಲ ಬಾಗಿಲಿಗೆ ಬಂದು, ಬಾವಿಯ ಹತ್ತಿರ ಜಳಕ ಮಾಡಿ, ಬೇರೆ ಧೋತರ ಉಟ್ಟೇ ಒಳಗೆ ಕಾಲಿಡುವನು. ಚಳಿಯಿರಲಿ ಮಳೆಯಿರಲಿ ತಪ್ಪಿಸುತ್ತಿರಲಿಲ್ಲ. ಔಷಧದ ನೀರಿನಲ್ಲಿ ಗಾಜು ತೊಳೆದು ಮುಖ ಬರಿಸುವ ಕೆಲಸವನ್ನು ಮನೆಯಲ್ಲಿ ಒಮ್ಮೆಯೂ ಮಾಡಲಿಲ್ಲ, ಎಷ್ಟೇ ಗಡಿಬಿಡಿಯಿದ್ದರೂ ಗೋಕಾಕಕ್ಕೇ ಒಯ್ಯುವನು. ಪ್ಯಾಟಿ ಸೇರಿದ ಹುಡುಗನಿಗೆ ಸ್ವಚ್ಛತೆಯ ಹುಚ್ಚು ಹಿಡಿದಿದೆ ಎಂದು ಅವ್ವ ನಗುತ್ತಿದ್ದಳು. ಒಂದು ಸಲ ಆಯಿ ಕೇಳಿದ್ದು ನನಗೆ ನೆನಪಿದೆ.

"ಆ ಗಾಜಿಗೆ ಏನ್ ಸವರಿರ್ತಾರೋ ಜಿನ್ನು?"

"ಅಂಟು ಅವ್ವಾ. ಕರದಂಟಿನ್ಯಾಗ ಹಾಕ್ತಾರಲ್ಲ, ಅಂಥಾದ್ದ," ಎಂದ ಕಾಕಾ, ಅವಳ ಕಡೆ ನೋಡದೆ.

ಕರದಂಟಿಗೆ ಹಾಕುವುದು ಗಿಡದ ಅಂಟು. ಆಯಿಗೆ ಸಮಾಧಾನವಾಯಿತು.

ನನಗೆ ಹದಿಮೂರು ತುಂಬಿದ ವರ್ಷ ದೀಪಾವಳಿಗೆ ಕಾಕಾ ಕ್ಯಾಮರಾ ಸಮೇತ ಬಂದ. ಮನೆಯವರದೆಲ್ಲ ತೆಗೆಯಬೇಕೆಂದು ಅವನ ಆಸೆ. ಆಯಿ ಒಪ್ಪಲಿಲ್ಲ. ಇರುವುದನ್ನೇ ಒಂದೊಂದಾಗಿ ಬಿಡುತ್ತಿದ್ದೇನೆ, ನನ್ನದೇ ಇನ್ನೊಂದು ಮಾರಿ ಇಟ್ಟುಕೊಂಡು ಏನು ಮಾಡಲಿ ಎಂದಳು. ಉಳಿದವರದೆಲ್ಲ ಮುಗಿದ ಮೇಲೆ ಒಂದು ಗಾಜು ಉಳಿಯಿತು. ಹುಕ್ಕೇರಿಯ ಕಡೆಯಿಂದ ಒಂದು ಸಂಬಂಧದ ಮಾತು ನಡೆದಿತ್ತು, ಅವರು ಹುಡುಗನ ಫೋಟೋ ಕೇಳಿದ್ದರು. ಊರೆಲ್ಲರ ಫೋಟೋ ತೆಗೆದವನ ಫೋಟೋ ಒಂದೂ ಇರಲಿಲ್ಲ. ಕಾಕಾ ಬಾವಿಯ ಪಕ್ಕ, ನುಗ್ಗೆಯ ನೆರಳಲ್ಲಿ ಕುರ್ಚಿ ಹಾಕಿದ. ಕುರ್ಚಿಯ ಮೇಲೆ ಕೊಡ ಇಟ್ಟು ಕ್ಯಾಮರಾ ಹೊಂದಿಸಿದ. ಆಮೇಲೆ ಕೊಡ ತೆಗೆದು, ಕೋಟು ಹಾಕಿಕೊಂಡು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕರ್ರಗಿನ ದಟ್ಟ ಕೂದಲನ್ನು ಇನ್ನೊಮ್ಮೆ ಸವರಿಕೊಂಡು ಕೂತ. ಮುಚ್ಚಳ ತೆಗೆದು ಹಾಕುವ ಕೆಲಸ ನನ್ನದು.

"ಎರಡ ಸಾಲು, ಪದ್ದು. ಎರಡ ಸಾಲು ಅಂದು ಮುಚ್ಚಿಬಿಡು. ಹೆದರಬ್ಯಾಡ."

ನಾನು ಮುಚ್ಚಳ ತೆಗೆದೆ. ಒಂದು ಸಾಲು ಹೇಳಿದೆ, ಎರಡು ಹೇಳಿದೆ. ಕೈ ಮುಂದೆ ಹೋಗಲಿಲ್ಲ. ಮಂತ್ರವನ್ನು ನಡುವೆ ನಿಲ್ಲಿಸಬಾರದೆಂದು ಆಯಿ ನನಗೆ ಮಾತು ಬರುವ ಮೊದಲೇ ಕಲಿಸಿದ್ದಳು. ಸೀನು ಬಂದರೂ ಮುಗಿಸಿ ಸೀನಬೇಕು. ಐದೂ ಸಾಲು ಮುಗಿಸಿ ಮುಚ್ಚಿದೆ. ಕಾಕಾ ಅಷ್ಟೂ ಹೊತ್ತು ರೆಪ್ಪೆ ಬಡಿಯದೆ ಕೂತಿದ್ದ.

"ಎರಡ ಅಂದಿದ್ನಲ್ಲೇ?"

"ಅರ್ಧಕ್ಕ ಬಿಡಬಾರದಂತ ಕಾಕಾ. ಆಯಿ ಹೇಳ್ಯಾಳ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಬೆಳಕು ಜಾಸ್ತಿ ಆತು. ಪರವಾ ಇಲ್ಲ, ಮುಂದಿನ ವಾರ ಗಾಜು ತಂದು ಮತ್ತೊಂದು ತಗದ್ರಾತು," ಎಂದ. ಆ ಗಾಜು ಕೆಟ್ಟಿತೆಂದು ಅದನ್ನು ಮನೆಯಲ್ಲೇ ಬಿಟ್ಟ. ಗಾಜನ್ನು ಬೆಳಕು ತಾಗದಂತೆ ಇಡುವ ಒಂದು ಚಪ್ಪಟೆ ಕಟ್ಟಿಗೆಯ ಪೆಟ್ಟಿಗೆ ಇರುತ್ತದೆ, ಅದರಲ್ಲಿ ಅದು ಹಾಗೆಯೇ ಉಳಿಯಿತು. ಮುಂದಿನ ವಾರದ ಕೆಲಸಕ್ಕೆಂದು ಕ್ಯಾಮರಾವನ್ನೂ ಬಿಟ್ಟುಹೋದ.

ಮುಂದಿನ ವಾರ ಅವನನ್ನು ಬಸ್ಸಿನಿಂದ ಎತ್ತಿ ಇಳಿಸಬೇಕಾಯಿತು. ವಿಷಮಶೀತ ಜ್ವರ. ಹನ್ನೆರಡು ದಿನ ನಡುಮನೆಯಲ್ಲಿ ಮಲಗಿದ್ದ. ಬೆಳಕಿಂಡಿಯ ಬಿಸಿಲು ಅವನ ಮುಖದ ಮೇಲೆ ಬರುವ ಹೊತ್ತಿಗೆ ಆಯಿ ತನ್ನ ಸೆರಗು ಅಡ್ಡ ಹಿಡಿದು ಕೂಡುವಳು. ಹದಿಮೂರನೆಯ ದಿನ ಅವನು ಇರಲಿಲ್ಲ. ಇಪ್ಪತ್ತಾರು ವಯಸ್ಸು.

ಗೋಕಾಕದ ಕೋಣೆಯಿಂದ ಅವನ ಟ್ರಂಕು ಬಂತು. ಅದನ್ನೂ ಕ್ಯಾಮರಾವನ್ನೂ ಹಿತ್ತಿಲ ಕಡೆಯ ಕಾಳಿನ ಕೋಣೆಯಲ್ಲಿ ಇಟ್ಟು ಅಪ್ಪ ಬೀಗ ಹಾಕಿದರು. ಗೋಕಾಕ ಎಂಬ ಹೆಸರು ಕೇಳಿದರೆ ಎದ್ದು ಹೋಗುವರು. ಕ್ಯಾಮರಾದ ಬೆನ್ನು ಹತ್ತಿ ಊರು ಬಿಟ್ಟಿದ್ದಕ್ಕೆ, ಕಂಡಕಂಡ ನೀರು ಕುಡಿದಿದ್ದಕ್ಕೆ ತಮ್ಮ ಹೋದ ಎಂದು ಅವರ ಸಿಟ್ಟು. ಚಪ್ಪಟೆ ಪೆಟ್ಟಿಗೆಯಲ್ಲಿ ಏನಿದೆಯೆಂದು ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲವೆಂದು ಈಗ ಹೇಳಬಲ್ಲೆ, ಆಗ ಯಾರು ಕೊಂದರೂ ಹೇಳುತ್ತಿರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹೆಂಗಸರು ಆಡಿಕೊಳ್ಳುತ್ತಿದ್ದರು. ಎರಡು ಸಾಲಿನಷ್ಟು ತೆಗೆಯಬೇಕಾದಲ್ಲಿ ನಾನು ಐದು ಸಾಲಿನಷ್ಟು ತೆಗೆದುಬಿಟ್ಟಿದ್ದೆ. ಕಾಕಾನನ್ನು ಹೆಚ್ಚು ಖರ್ಚು ಮಾಡಿದವಳು ನಾನೇ ಎಂದು ಹದಿಮೂರು ವರ್ಷದ ನನ್ನ ತಲೆ ಲೆಕ್ಕ ಹಾಕಿತ್ತು. ಒಂದೂವರೆ ವರ್ಷ ಆ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದೆ, ಮಲಗಿದೆ, ಸಾಲೆಗೆ ಹೋದೆ.

ಒಂದು ಬೇಸಿಗೆಯಲ್ಲಿ ಅಪ್ಪ ಊಟಕ್ಕೆ ಕೂತಾಗ ಹೇಳಿದರು. ಹುಕ್ಕೇರಿಯ ಒಬ್ಬ ಫೋಟೋಗ್ರಾಫರ್ ಕ್ಯಾಮರಾ, ಟ್ರಂಕು ಎರಡನ್ನೂ ಒಯ್ಯುತ್ತಾನೆ, ಎಂಟು ದಿನದಲ್ಲಿ ಬರುತ್ತಾನೆ. ನಾನು ಮುರಿದ ರೊಟ್ಟಿಯನ್ನು ತಿರುಗಿ ತಟ್ಟೆಯಲ್ಲಿಟ್ಟೆ. ಆ ಮನುಷ್ಯ ಚಪ್ಪಟೆ ಪೆಟ್ಟಿಗೆ ಖಾಲಿಯೆಂದು ತೆಗೆದು ನೋಡಿದರೆ ಒಂದು ಕ್ಷಣದಲ್ಲಿ ಬೆಳಕು ಕಾಕಾನನ್ನು ಒರೆಸಿ ಹಾಕುತ್ತದೆ. ಅವನು ಬರುವುದರೊಳಗೆ ಆ ಗಾಜನ್ನು ನಾನೇ ತೊಳೆದು ಮುಖ ಬರಿಸಬೇಕು. ಸಾಲೆಯ ಸೂಟಿಯಲ್ಲಿ ಗೋಕಾಕಕ್ಕೆ ಹೋದಾಗ ಕಾಕಾನ ಪಕ್ಕ ನಿಂತು ನೋಡಿದ್ದೆ. ಟ್ರಂಕಿನಲ್ಲಿ ಪುಡಿಗಳ ಪೊಟ್ಟಣ, ತಟ್ಟೆಗಳು, ಅಳತೆ ಬರೆದ ಅವನ ವಹಿ, ಅರ್ಧ ಡಬ್ಬಿ ಹೊಸ ಗಾಜು ಎಲ್ಲ ಇದ್ದವು. ಅವ್ವನ ಸೊಂಟದ ಬೀಗದಕೈ ಕೇಳುವುದೇನೂ ಕಷ್ಟವಿರಲಿಲ್ಲ, ಕಾಳು ತರಲೆಂದು ದಿನಾ ನಾನೇ ಹೋಗುತ್ತಿದ್ದೆ. ಮೊದಲು ಒಂದು ಹೊಸ ಗಾಜಿನ ಮೇಲೆ ಕೈ ಪಳಗಿಸಿಕೊಳ್ಳೋಣವೆಂದು ನುಗ್ಗೆಯ ಗಿಡದ ಫೋಟೋ ತೆಗೆದೆ. ಮಧ್ಯಾಹ್ನ ಅವ್ವ ಅಡ್ಡಾದ ಹೊತ್ತಿಗೆ ಕಾಳಿನ ಕೋಣೆಯ ಬಾಗಿಲು ಹಾಕಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ, ಅಡುಗೆಮನೆಯ ಕೊಡದಿಂದಲೇ ನೀರು ತಂದು ಪುಡಿ ಕಲಸಿದೆ.

ಗಾಜು ಮುಳುಗಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಹಾಲಿನಂಥ ಬಿಳುಪಿನ ಒಳಗಿನಿಂದ ಯಾರೋ ಬರುತ್ತಿರುವಂತೆ ಕಪ್ಪು ಆಕಾಶ ಬಂತು, ಅದರ ನಡುವೆ ಬೆಳ್ಳಗೆ ನುಗ್ಗೆಯ ಕೊಂಬೆ ಬಂತು. ನಾನು ಕೈಮುಗಿದೆ, ಸುಳ್ಳಲ್ಲ. ಆದರೆ ಕೊಂಬೆ ನಿಲ್ಲಲಿಲ್ಲ. ಬೇಸಿಗೆಯ ಕಾದ ನೀರಿಗೆ ಇಡೀ ಗಿಡ ಗಾಜಿನಿಂದ ಬಿಟ್ಟು, ಹಾಲಿನ ಕೆನೆಯಂತೆ ಮುದ್ದೆಯಾಗಿ ಜಾರತೊಡಗಿತು. ನಾನು ಗಾಬರಿಯಾಗಿ ಅದನ್ನು ಹಿಡಿದುಕೊಂಡೇ ಬಾಗಿಲು ತೆಗೆದು ಹೊರಗೆ ಓಡಿದೆ.

ಪಡಸಾಲೆಯಲ್ಲಿ ಕಲ್ಲೋಳಿಯ ಬಡಿಗೇರ ಮಾನಪ್ಪ ಕೂತಿದ್ದ. ಹುಕ್ಕೇರಿಯವನು ಬರುವ ಮೊದಲು ಕ್ಯಾಮರಾದ ಸಡಿಲಾದ ಕಾಲು ಜೋಡಿಸಲೆಂದು ಅಪ್ಪ ಅವನನ್ನು ಕರೆಸಿದ್ದರು. ಅವನ ಪಕ್ಕದಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು. ಮಾನಪ್ಪ ನನ್ನ ಕೈಯಲ್ಲಿ ತೊಟ್ಟಿಕ್ಕುವುದನ್ನು ನೋಡಿ, ಬೆರಳಲ್ಲಿ ಒಂದಿಷ್ಟು ತಗೊಂಡು ತಿಕ್ಕಿ ಮೂಸಿದ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ತನ್ನ ಕಸುಬಿನ ವಸ್ತು ಕಂಡ ಖುಷಿ ಅಷ್ಟೇ.

"ಇದು ನಮ್ಮ ಅಂಟ ಐತಲ್ಲೇ ತಂಗಿ. ನಾವು ಕಟಗಿ ಕೂಡಸಾಕ ಕಾಸ್ತೀವಲ್ಲ, ಅದ. ಎಲುಬು ತೊಗಲು ಕುದಿಸಿ ತಗೀತಾರ ನೋಡ್ರಿ ಆಯಿ."

ಜೋಳದ ಮೊರದ ಮೇಲೆ ಆಯಿಯ ಕೈ ನಿಂತಿತು.

"ಗಿಡದ ಅಂಟು ಅಂದಿದ್ದ," ಎಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಈಗಿನವರಿಗೆ ಅತಿಯೆನಿಸಬಹುದು. ಅವ್ವ ಒಂದೊಂದೇ ಕೊಡ ಹೊರಗೆ ತಂದು ಬರಿದು ಮಾಡಿ ಬೂದಿ ಹಚ್ಚಿ ತಿಕ್ಕಿದಳು. ನಾನು ನೀರು ಮೊಗೆದ ಕೈ ಆ ಕೊಡಗಳಲ್ಲೆಲ್ಲ ಆಡಿತ್ತು. ಕಣ್ಣಿಗೆ ಕಾಣದ ಜೀವಕ್ಕೂ ಹಗ್ಗ ಕಟ್ಟಿ ಇಳಿಸುವ ಮನೆಯ ನಟ್ಟನಡುವೆ ಎಲುಬಿನ ಅಂಟು ತಂದು ಕಲಸಿದ್ದೆ. ಅಪ್ಪ ಅಂಗಡಿಯಿಂದ ಬಂದು ವಿಷಯ ಕೇಳಿದವರೇ ಕಾಳಿನ ಕೋಣೆಗೆ ನುಗ್ಗಿದರು.

"ಹುಕ್ಕೇರಿಯವಗೂ ಬ್ಯಾಡ, ಯಾರಿಗೂ ಬ್ಯಾಡ. ಎಲ್ಲಾ ಒಯ್ದು ಹೊಳಿಗೆ ಹಾಕ್ರಿ."

ಟ್ರಂಕು ಎಳೆದರು. ಚಪ್ಪಟೆ ಪೆಟ್ಟಿಗೆ ಕೈಗೆ ಬಂತು. ಏನಿದೆ ಇದರಲ್ಲಿ ಎಂದು ಅದರ ಮುಚ್ಚಳಕ್ಕೆ ಕೈ ಹಾಕಿದರು. ನಾನು ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದೆ. ಅಪ್ಪನ ಮೈಮುಟ್ಟಿ ತಡೆದದ್ದು ಅದೇ ಮೊದಲು, ಅದೇ ಕಡೆ.

"ತಗೀಬ್ಯಾಡ್ರಿ ಅಪ್ಪಾ. ಒಳಗ ಕಾಕಾ ಅದಾನ."

ಬಾಯಿ ಬಿಟ್ಟ ಮೇಲೆ ಎಲ್ಲ ಹೊರಗೆ ಬಂತು. ದೀಪಾವಳಿ, ಕುರ್ಚಿ, ಐದು ಸಾಲು, ನಾನೇ ಕಾಕಾನ ಆಯುಷ್ಯ ತೆಗೆದದ್ದು, ಎಲ್ಲ. ಅತ್ತು ಅತ್ತು ಬಿಕ್ಕಳಿಕೆ ಹತ್ತಿತು. ಆಯಿ ಎದ್ದು ಬಾವಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು, ಒದ್ದೆಯಲ್ಲೇ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಸಂಜೆ ಉಣ್ಣಲಿಲ್ಲ, ನೀರು ಕುಡಿಯಲಿಲ್ಲ. ಹೊಳೆಗೆ ಹಾಕಿರೆಂದ ಅಪ್ಪ ಬೆಲ್ಲದ ಪೆಂಟೆಗಳ ನಡುವೆ ಕೂತು, ಆ ಚಪ್ಪಟೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಸಂದಿಗಳ ಮೇಲೆ ತಮ್ಮ ಅಂಗೈ ಮುಚ್ಚಿ ಹಿಡಿದಿದ್ದರು. ಬೆಳಕು ಎಲ್ಲಿಂದ ನುಗ್ಗುತ್ತದೋ ಎಂಬ ಹೆದರಿಕೆ. ಕತ್ತಲಾದ ಮೇಲೂ ಆ ಕೈ ತೆಗೆಯಲಿಲ್ಲ.

ಮರುದಿನ ಬೆಳಕಿಂಡಿಯ ಬಿಸಿಲು ಕೆಳಗಿಳಿದ ಮೇಲೆ ಆಯಿ ಹೊರಗೆ ಬಂದಳು. ನಾವೆಲ್ಲ ನಡುಮನೆಯಲ್ಲಿದ್ದೆವು.

"ಅದಕ್ಕ ಅವ ಬಾವಿಗೆ ಹೋಗಿ ಜಳಕಾ ಮಾಡಿ ಒಳಗ ಬರ್ತಿದ್ದ," ಎಂದಳು. "ಗೊತ್ತಿತ್ತವಗ. ನನಗ ಮುಟ್ಟಬಾರದಂತ ತಾನೊಬ್ಬನ ಹೊತ್ತುಗೊಂಡು ತಿರಗ್ಯಾನ."

ಅಪ್ಪ ತಲೆ ಎತ್ತಲಿಲ್ಲ. "ಹೊಳಿಗೆ ಬಿಡಲೇನವ್ವಾ?" ಎಂದು ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿ ನಾನು ಎಂದೂ ಕೇಳಿರಲಿಲ್ಲ.

ಆಯಿ ಆ ಪೆಟ್ಟಿಗೆಯ ಎದುರಿಗೆ ಬಂದು ಕೂತಳು.

"ಎಲುಬಿನ ಮ್ಯಾಲೆ ಐತಿ ಅಂತಾನ ಮಾನಪ್ಪ. ನನ್ನ ಮಗನ ಮಾರಿ ಮೊದಲೂ ಎಲುಬಿನ ಮ್ಯಾಲೇ ಇತ್ತಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಆದ್ರ ದೋಷ ದೋಷನ. ಅದನ್ನ ನಾ ಹೊರತೇನಿ. ಇವತ್ತಿನಿಂದ ನಾ ಬೆಲ್ಲಾ ಬಿಟ್ಟೆ. ಪದ್ದು ಅದನ್ನ ತೊಳೀಲಿ. ನಾ ಒಮ್ಮೆ ನೋಡ್ತೇನಿ. ಒಂದ ಸಲ. ಆಮ್ಯಾಲೆ ಅದು ನಂದಲ್ಲ."

ಬೆಲ್ಲದ ವ್ಯಾಪಾರದ ಮನೆಯಲ್ಲಿ, ಉಸಿರಾಡಿದರೆ ಬೆಲ್ಲದ ವಾಸನೆ ಬರುವ ಮನೆಯಲ್ಲಿ, ಅವಳು ಬೆಲ್ಲ ಬಿಟ್ಟಳು. ಹೋಳಿಗೆಯ ದಿನಗಳಲ್ಲಿ ಖಾಲಿ ಬೇಳೆಯ ಕಟ್ಟು ಕುಡಿದು ಏಳುವುದನ್ನು ನಾನು ಆಮೇಲೆ ಎಷ್ಟೋ ವರ್ಷ ನೋಡಿದೆ.

ಗಿಡ ಜಾರಿದ್ದು ನೀರಿನ ಕಾವಿಗೆ ಎಂದು ಕಾಕಾನ ವಹಿ ಓದಿ ತಿಳಿದುಕೊಂಡಿದ್ದೆ. ಬೇಸಿಗೆಯಲ್ಲಿ ಬೆಳಗಿನ ಜಾವದ ನೀರು, ಮಣ್ಣಿನ ಹರವಿಯ ನೀರು ಎಂದು ಅವನು ಎರಡು ಸಲ ಗೆರೆ ಎಳೆದು ಬರೆದಿದ್ದ. ಮೂರನೆಯ ದಿನ ನಸುಕಿನಲ್ಲೇ ಎದ್ದೆವು. ಕಾಳಿನ ಕೋಣೆಗೆ ಬೇರೆ ತಟ್ಟೆ, ಬೇರೆ ಕೊಡ, ಬೇರೆ ಸೋಸುವ ಬಟ್ಟೆ ಬಂದವು. ನೀರು ಮಾತ್ರ ಆಯಿಯೇ ಸೋಸಿದಳು. ಸೋಸಿದ ನೀರಿಗೂ ನಮ್ಮಲ್ಲಿ ಎರಡು ಗಳಿಗೆಯ ಅವಧಿ, ಆಮೇಲೆ ತಿರುಗಿ ಸೋಸಬೇಕು. ಹರವಿಯಲ್ಲಿ ತಣ್ಣಗಾದ ನೀರನ್ನು ಅವಳು ತಿರುಗಿ ಸೋಸಿ ಬಾಗಿಲಲ್ಲಿಟ್ಟಳು. ಮರಳಿನ ಒಂದು ಕಣ ಇಲ್ಲದ ಅಂಥ ನೀರು ಗೋಕಾಕದ ಕೋಣೆಯಲ್ಲಿ ಕಾಕಾನಿಗೆ ಎಂದೂ ಸಿಕ್ಕಿರಲಾರದು.

ನಾನು ಬಾಗಿಲು ಹಾಕಿದೆ. ಕೆಂಪು ಕಂದೀಲಿನ ಬೆಳಕಲ್ಲಿ ಪೆಟ್ಟಿಗೆ ತೆಗೆದೆ. ಗಾಜು ಮುಳುಗಿಸಿ ತಟ್ಟೆಯನ್ನು ಮೆಲ್ಲಗೆ ಆಡಿಸುತ್ತ ಮಂತ್ರ ಹೇಳತೊಡಗಿದೆ. ಎಷ್ಟು ಸಲ ಹೇಳಿದೆನೋ. ಏನೂ ಇಲ್ಲ, ಏನೂ ಇಲ್ಲ. ಒಂದೂವರೆ ವರ್ಷ ಕಾದು ಕಾದು ಎದ್ದು ಹೋದನೇನೋ ಎಂದುಕೊಂಡೆ. ಆಗ ಬಾವಿಕಟ್ಟೆಯ ಅಂಚು ಬಂತು. ಕೋಟಿನ ಗುಂಡಿ ಬಂತು. ಆಮೇಲೆ ಕಾಕಾ ಬಂದ, ಕುರ್ಚಿಯ ಮೇಲೆ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ರೆಪ್ಪೆ ಬಡಿಯದೆ. ನಾನು ಅಳಲಿಲ್ಲ, ಅಳುವುದು ನೆನಪಾಗಲಿಲ್ಲ. ಬಾವಿಯ ಗಡಿಗೆಯಲ್ಲಿ ಇಣುಕಿ ಇಣುಕಿ ಕಾಣದೆ ಹೋದದ್ದೆಲ್ಲ ಅವತ್ತು ನನಗೆ ಕಂಡಿತು.

ಮೂಡಿದ್ದನ್ನು ಅಳಿಯದಂತೆ ನಿಲ್ಲಿಸುವ ಹೈಪೋ ನೀರಿನಲ್ಲಿ ಮುಳುಗಿಸಿ ತೆಗೆದ ಮೇಲೆ ಬೆಳಕಿನ ಹೆದರಿಕೆಯಿ‌ಲ್ಲ, ತೊಳೆಯುವುದಷ್ಟೇ. ಬಾಗಿಲು ತೆಗೆದೆ. ಹೊಸ್ತಿಲಲ್ಲಿ ಕೂತು ತಟ್ಟೆಯಲ್ಲಿ ಗಾಜು ಹಿಡಿದೆ. ಆಯಿ ಹೊರಗೆ ಕೂತು, ಮುಖ ಆಚೆ ತಿರುಗಿಸಿಕೊಂಡು, ಚಂಬಿನಿಂದ ಸಣ್ಣ ಧಾರೆ ಬಿಟ್ಟಳು. ಚಂಬು ಮುಗಿದರೆ ಇನ್ನೊಂದು ಚಂಬು. ಕೂಸಿಗೆ ಎರೆಯುವಾಗ ನೀರು ಕಣ್ಣಿಗೆ ಬೀಳದಂತೆ ಹೇಗೆ ಎರೆಯುತ್ತಾರೋ ಹಾಗೆ, ಒಂದು ಬದಿಯಿಂದ. ನನ್ನ ಕಣ್ಣು ತುಂಬಿ ಬಂದು ಗಾಜು ಕಾಣದಾಯಿತು.

ಅಷ್ಟರಲ್ಲಿ ನುಗ್ಗೆಯ ಹಿಂದೆ ಸೂರ್ಯ ಬಂದ. ಎಲ್ಲಿಯಾದರೂ ಕಲೆ ಉಳಿದಿದೆಯೇ ಎಂದು ನಾನು ಗಾಜನ್ನು ಬೆಳಕಿಗೆ ಎತ್ತಿ ಹಿಡಿದೆ. ಇದನ್ನು ಕಾಗದದ ಮೇಲೆ ಇಳಿಸಿ, ನೆಟ್ಟಗೆ ಮಾಡಿ, ಆಮೇಲೆ ಆಯಿಗೆ ತೋರಿಸಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಗಾಜಿನ ಮೇಲೆ ಎಲ್ಲ ತಿರುವುಮುರುವು ಇರುತ್ತದೆ, ಬಿಳಿಯದು ಕಪ್ಪು, ಕಪ್ಪಿನದು ಬಿಳಿ ಎಂಬುದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಕೆಲಸದ ಗಡಿಬಿಡಿಯಲ್ಲಿ ಅದು ಹೊಳೆದೂ ಇರಲಿಲ್ಲ. ತಿರುಗಿ ನೋಡಿದರೆ ಆಯಿ ಎದ್ದು ನನ್ನ ಹೆಗಲ ಹಿಂದೆ ನಿಂತಿದ್ದಳು. ನೋಡುತ್ತಿದ್ದಳು.

"ತಲಿ ಹಣ್ಣಾಗೇತಿ," ಎಂದಳು.

ಕಾಕಾನ ಕರ್ರಗಿನ ಕೂದಲು ಗಾಜಿನಲ್ಲಿ ಬೆಳ್ಳಿಯಂತಿತ್ತು. ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಮುಖ ಹೊಲದಲ್ಲಿ ಎಪ್ಪತ್ತು ವರ್ಷ ದುಡಿದವರ ಮುಖದಂತೆ ಕಪ್ಪಿಟ್ಟಿತ್ತು. ಬಿಸಿಲು ಆ ಬಿಳಿ ಕೂದಲಿನಲ್ಲಿ ಹಾದು ಆಯಿಯ ಮುಖದ ಮೇಲೆ ಬಿದ್ದಿತ್ತು.

"ಆಯಿ, ಇದು ಹಿಂಗಲ್ಲ," ಎಂದೆ. "ಇದರಾಗ ಎಲ್ಲಾ ಉಲ್ಟಾ ಬರತೈತಿ. ಕಾಗದದ ಮ್ಯಾಲೆ ಇಳಿಸಿದ್ರ ಕೂದಲಾ ಕರ್ರಗ ಕಾಣತಾವ. ತಡಿ, ನಾಳಿ ಮಾಡಿ ತೋರಸ್ತೇನಿ. ಇದನ್ನ ಲೆಕ್ಕಕ್ಕ ಹಿಡೀಬ್ಯಾಡ."

"ಬ್ಯಾಡ. ನೋಡಿದ್ದಾತು."

"ಆಯಿ—"

"ಒಂದ ಸಲ ಅಂದಿದ್ದೆ," ಎಂದಳು. ಆದರೂ ಕಣ್ಣು ತೆಗೆಯಲಿಲ್ಲ. ಗಾಜಿನಿಂದ ನೀರು ಪೂರಾ ಸೋರುವವರೆಗೆ ನೋಡಿದಳು. ಆಮೇಲೆ ಸೋಸಿದ ಬಟ್ಟೆ ಜಾಲಿಸಿ, ಗಡಿಗೆಗೆ ಹಗ್ಗ ಕಟ್ಟಿ, ಬಾವಿಗೆ ಇಳಿಸಲು ಹೋದಳು.

ಅದೇ ವಾರ ಹುಕ್ಕೇರಿಯ ಫೋಟೋಗ್ರಾಫರ್ ಬಂದ. ಕೊಡುವುದಿಲ್ಲವೆಂದು ಅಪ್ಪ ಹೇಳಿದರು. ಪಾಪ, ಅಷ್ಟು ದೂರ ಬಂದವನೆಂದು ಅವ್ವ ಊಟಕ್ಕೆ ನಿಲ್ಲಿಸಿದಳು. ಊಟವಾದ ಮೇಲೆ ನಾನು ಗಾಜು ತೋರಿಸಿದೆ. ಎಷ್ಟು ದಿನ ಇಟ್ಟಿದ್ದಿರಿ, ಎಷ್ಟು ಎಣಿಸಿದ್ದಿರಿ ಎಂದು ಕೇಳಿದ. ಹೇಳಿದೆ.

"ಎರಡ ಸಾಲು ಅಂದು ಮುಚ್ಚಿದ್ರ ಬೆಳಕು ಕಡಿಮಿ ಬಿದ್ದು ಇಷ್ಟ ದಿನದಾಗ ಇವ ಅಳಿಸಿ ಹೋಗಿರ್ತಿದ್ದ ತಂಗಿ," ಎಂದ ಅವನು. "ನೀ ಪೂರಾ ಮಂತ್ರ ಅಂದೀಯಂತ ಉಳದಾನ."

ಅಪ್ಪ ಅಲ್ಲೇ ಕೂತಿದ್ದರು. ನನ್ನ ತಲೆಯ ಮೇಲೆ ಕೈ ಇಟ್ಟರು. ಕ್ಯಾಮರಾ ನನ್ನದಾದದ್ದು ಆ ಕೈಯಿಂದಲೇ, ಬೇರೆ ಮಾತು ನಡೆಯಲಿಲ್ಲ. ಮುಂದೆ ಮೂಡಲಗಿ, ಕಲ್ಲೋಳಿಗಳಲ್ಲಿ ಗಂಡಸರ ಎದುರು ಕೂಡಲು ನಾಚುವ ಹೆಂಗಸರ ಫೋಟೋ ತೆಗೆಯಲು ನನ್ನನ್ನೇ ಕರೆಯುವಂತಾಯಿತು. ಗಾಜು ಹೋಗಿ ಫಿಲ್ಮಿನ ರೀಲು ಬಂದವು, ಅವುಗಳ ಮೇಲೂ ಅದೇ ಅಂಟು. ಕೆಲಸ ಮುಗಿಸಿ ಬಂದ ದಿನ ನಾನು ಬಾವಿಯ ಹತ್ತಿರ ಜಳಕ ಮಾಡಿಯೇ ಒಳಗೆ ಹೋಗುತ್ತಿದ್ದೆ. ಯಾರೂ ಹೇಳಬೇಕಾಗಿರಲಿಲ್ಲ.

ಕಾಕಾನ ಫೋಟೋವನ್ನು ನಡುಮನೆಯ ಬೆಳಕಿಂಡಿಯ ಬಿಸಿಲಿನಲ್ಲೇ ಕಾಗದಕ್ಕೆ ಇಳಿಸಿದೆ. ಕಟ್ಟು ಹಾಕಿಸಿ ಅಪ್ಪ ಪಡಸಾಲೆಯಲ್ಲಿ ತೂಗುಹಾಕಿದರು. ಎಣ್ಣೆ ಹಚ್ಚಿ ಬಾಚಿದ ಕರಿ ಕೂದಲು, ಹೊಸ ಕೋಟು, ತುಟಿಯಂಚಿನಲ್ಲಿ ನನ್ನ ಐದು ಸಾಲು ಮುಗಿಯುವವರೆಗೆ ಹಿಡಿದಿಟ್ಟ ನಗೆ. ಆಯಿ ಆ ಗೋಡೆಯ ಹತ್ತಿರ ಬಂದಾಗಲೆಲ್ಲ ಕಣ್ಣು ಕೆಳಗೆ ಮಾಡಿ ಹಾದುಹೋಗುತ್ತಿದ್ದಳು. ಹನ್ನೊಂದು ವರ್ಷ ಹಾಗೆಯೇ ಹಾದಳು. ಬಂದುಹೋಗುವ ಹೆಂಗಸರು ಫೋಟೋದ ಮುಂದೆ ನಿಂತು ಲೊಚಗುಟ್ಟುವರು, ಎಷ್ಟು ಸಣ್ಣ ವಯಸ್ಸಿನ್ಯಾಗ ಹೋದ್ನವ್ವಾ ಎನ್ನುವರು. ಆಯಿ ಜೋಳದ ಮೊರದಿಂದ ತಲೆ ಎತ್ತದೆ ಹೇಳುತ್ತಿದ್ದಳು:

"ಅದು ಅವನ ಸಣ್ಣಂದಿನ ಫೋಟೋ. ನಾ ಅವನ್ನ ಮುಪ್ಪಿನ್ಯಾಗ ನೋಡೇನಿ."